ಜೊಂಡು ಕೊಯ್ಲಿಗೆ ಹೋದ ಸೊಸೆ

ಜಿಬುಯಿಲೆಗೆ ಮದುವೆಯಾಗಿ ಏಳು ತಿಂಗಳು. ಹೊಸ ಸೊಸೆ ಎಂದಮೇಲೆ ಹೆಗಲಿಗೆ ಶಾಲು ಹೊದ್ದು, ತಲೆ ತಗ್ಗಿಸಿಕೊಂಡೇ ಓಡಾಡಬೇಕು. ಅತ್ತೆಯ ಮುಂದೆ ದನಿ ಏರಿಸುವ ಮಾತೇ ಇಲ್ಲ. ಗಂಜಿಗೆ ಉಪ್ಪು ಸಾಲದು ಎಂದು ಒಮ್ಮೆ ಬಾಯಿತಪ್ಪಿ ಅಂದದ್ದಕ್ಕೆ ಅತ್ತೆ ಮಾಗುಮೇಡೆ ಅವಳನ್ನು ಒಂದು ವಾರ ತವರಿಗೆ ಅಟ್ಟಿದ್ದಳು. ಅಂದಿನಿಂದ ಹುಡುಗಿಯ ಬಾಯಿಗೆ ಬೀಗ.

ಊರಾಚೆಗೆ, ಕಡಲಂಚಿನಲ್ಲಿರುವ ರಕ್ಷಿತ ಕಾಡು ಚಾಪೆ ಹೆಣೆಯುವ ಹೆಂಗಸರಿಗೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಒಂದು ಕಡೆ ಮರಳುದಿಬ್ಬ, ಇನ್ನೊಂದು ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರು, ಅಲ್ಲಿ ಮೊಸಳೆ. ನಡುವೆ ಸರೋವರದ ಸುತ್ತ ಆಳೆತ್ತರದ ಜೊಂಡು. ನಸುಕಿನಲ್ಲಿ ಕಾವಲುಗಾರ ಸೀಟಿ ಊದಿದೊಡನೆ ಎಲ್ಲರೂ ಕುಡುಗೋಲು ಹಿಡಿದು ಓಡುತ್ತಾರೆ. ಜೊಂಡಿನ ತುದಿಗೆ ಮೊದಲು ಗಂಟು ಹಾಕಿದವಳದೇ ಆ ಜಾಗ. ಅರವತ್ತರ ಮಾಗುಮೇಡೆ ಎಲ್ಲರನ್ನೂ ಹಿಂದೆ ಹಾಕಿ, ನೀರಿನ ಪಕ್ಕದ ಒಳ್ಳೆಯ ಜಾಗಕ್ಕೇ ಗಂಟು ಹಾಕಿ ಬೀಗಿದಳು.

ತಲೆ ತಗ್ಗಿಸಿದ್ದ ಜಿಬುಯಿಲೆಗೆ ಮಾತ್ರ ನೆಲ ಕಂಡಿತು. ಅತ್ತೆ ಗಂಟು ಹಾಕಿದ ಜಾಗದಲ್ಲೇ ಎರಡು ಸಾಲು ತಗ್ಗು, ನಡುವೆ ಏರು. ನೀರಾನೆಯ ದಾರಿ. ಮೀನುಗಾರ ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ತೋರಿಸಿಕೊಟ್ಟಿದ್ದ: ರಾತ್ರಿ ಮೇಯಲು ಹೋದದ್ದು ಬೆಳಗ್ಗೆ ಅದೇ ದಾರಿಯಲ್ಲಿ ನೀರಿಗೆ ಮರಳುತ್ತದೆ, ಅಡ್ಡ ಸಿಕ್ಕವರನ್ನು ಬಿಡುವುದಿಲ್ಲ. ಹಸಿ ಹೆಜ್ಜೆಗಳೆಲ್ಲ ನೀರಿನಿಂದ ಆಚೆಗೇ ಹೋಗಿದ್ದವು. ಒಂದೂ ವಾಪಸಾಗಿರಲಿಲ್ಲ.

ಅಷ್ಟು ಹೆಂಗಸರ ಎದುರು ಅತ್ತೆಗೆ ಜಾಗ ಸರಿಯಿಲ್ಲ ಅನ್ನುವುದು ಹೇಗೆ? ಈ ಸಲ ಅಟ್ಟಿದರೆ ವಾರಕ್ಕೆ ಮುಗಿಯುವುದಿಲ್ಲ. ಅವಳು ಕೆಮ್ಮಿದಳು. ಕೆಮ್ಮುವುದಾದರೆ ಮನೆಯಲ್ಲೇ ಇರಬೇಕಿತ್ತು ಎಂದಳು ಅತ್ತೆ, ಬಗ್ಗಿ ಜೊಂಡು ಕೊಯ್ಯುತ್ತಲೇ. ಕಟ್ಟುಗಳು ಒಂದೊಂದಾಗಿ ದಾರಿಗೆ ಅಡ್ಡ ಬೀಳುತ್ತ ಹೋದವು.

ಮೇವಿನ ಬಯಲಿನ ಕಡೆಯಿಂದ ಜೊಂಡು ಮುರಿಯುವ ಸದ್ದು ಬಂತು.

"ಅತ್ತೆ, ಒಂಚೂರು ಈಚೆಗೆ ಬರ್ತೀರಾ?" ಎಂದಳು, ಕಲಿಸಿಕೊಟ್ಟ ಮೆಲುದನಿಯಲ್ಲೇ. ಅದು ಅವಳಿಗೇ ಕೇಳಿಸಲಿಲ್ಲ.

ಮಂಜಿನೊಳಗಿಂದ ಕಪ್ಪು ಮೋರೆ ಹೊರಬಂತು.

"ಏಳೇ ಮುದುಕಿ, ಸಾಯ್ತೀಯಾ!"

ಕೂಗಿದವಳೇ ಅತ್ತೆಯ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಕೆಸರಿಗೆ ಬಿದ್ದರು. ಮೈಯ ಬಿಸಿ ತಾಕುವಷ್ಟು ಹತ್ತಿರದಲ್ಲಿ ನೀರಾನೆ ಕಟ್ಟುಗಳನ್ನು ತುಳಿದು ನೀರಿಗೆ ನುಗ್ಗಿತು.

ಮಾಗುಮೇಡೆ ಕೆಸರಿನಲ್ಲೇ ಎದ್ದು ಕೂತಳು.

"ದಾರಿ ಯಾವಾಗ ನೋಡ್ದೆ?"

"ಬಂದ ತಕ್ಷಣ, ಅತ್ತೆ."

ಮುದುಕಿ ಚಪ್ಪಟೆಯಾಗಿದ್ದ ಕಟ್ಟುಗಳನ್ನು ನೋಡಿದಳು. ಐದು ಕಟ್ಟು ಕೊಯ್ಯುವಷ್ಟು ಹೊತ್ತು.

"ಇಷ್ಟು ಹೊತ್ತೂ ನನಗೆ ಹೆದರ್ಕೊಂಡು ನಿಂತಿದ್ಯಾ?"

ಜಿಬುಯಿಲೆ ತಲೆ ತಗ್ಗಿಸಿದಳು. ಹೌದು ಅನ್ನುವುದಕ್ಕೂ ಅವಳಿಗೆ ಹೆದರಿಕೆಯಾಗಿತ್ತು.