ಗೋಡೆಗೆ ಬೆನ್ನು ಕೊಟ್ಟು ನಿಂತವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿಶುವಿಹಾರದ ಹೊಸ ಕೋಣೆಯಲ್ಲಿ ಬಣ್ಣದಮ್ಮ ಗಿಡ್ಡ ಮಣೆಯ ಮೇಲೆ ಕೂತು, ತಮ್ಮ ಮನೆಯ ಬಾಣಲೆಯನ್ನು ಗೋಡೆಗೆ ಬೋರಲು ಒತ್ತಿ ಹಿಡಿದು ಸುತ್ತಲೂ ಪೆನ್ಸಿಲ್ ಆಡಿಸುತ್ತಿದ್ದಾರೆ. ಬಾಣಲೆ ತೆಗೆದರೆ ಅದರದೇ ಗಾತ್ರದ ಗೆರೆ. ಅದರಡಿ ಇಂಗ್ಲಿಷಿನಲ್ಲಿ ‘ಪ್ಯಾನ್’, ಇನ್ನೂ ಕೆಳಗೆ ಕನ್ನಡದಲ್ಲಿ ‘ಬಾಣಲೆ’. ಪಕ್ಕದಲ್ಲಿ ಕ್ಯಾನ್ ಇದೆ, ಫ್ಯಾನ್ ಇದೆ. ಎಲ್ಲದರಲ್ಲೂ ಮೊದಲಕ್ಷರ ಕಪ್ಪು, ಉಳಿದ ಎ ಮತ್ತು ಎನ್ ಕೆಂಪು.

“ಕೆಂಪಿನವರಿಬ್ಬರೂ ಮನೆಯವರು. ಮುಂದೆ ನಿಂತಿರೋರು ನೆಂಟರು. ನೆಂಟರು ಬದಲಾದ್ರೆ ಮಾತೂ ಬದಲಾಗುತ್ತಲ್ವಾ?” ಎನ್ನುತ್ತಾರೆ, ಕುಂಚ ಒರೆಸಿಕೊಳ್ಳುತ್ತ.

ಬೋರ್ಡು ಬರೆಯುತ್ತಿದ್ದ ಸೋದರಮಾವನಿಗೆ ಬಣ್ಣದ ಡಬ್ಬಿ ಹಿಡಿದು ಕೈ ಪಳಗಿಸಿಕೊಂಡವರು ಬಣ್ಣದಮ್ಮ. ಫ್ಲೆಕ್ಸ್ ಬಂತು, ಮಾವನ ಏಣಿ ಮೂಲೆ ಸೇರಿತು. ಇವರು ಮಕ್ಕಳ ಎತ್ತರದ ಗೋಡೆಗೆ ಇಳಿದರು. ಈಗ ಮಂಡಿ ಮಾತು ಕೇಳುವುದಿಲ್ಲ. ಮಣೆಯಿಂದ ಏಳಬೇಕಾದರೆ ಮಗಳ ಕೈ ಬೇಕು.

ಮೊದಲ ವರ್ಷ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಯ ಚೌಕದೊಳಗೆ ಬರೆದಿದ್ದರಂತೆ. ಮನುಷ್ಯನಷ್ಟೇ ದೊಡ್ಡ ಇರುವೆ ನೋಡಿದ ಮಗುವೊಂದು ಅಂಗಳಕ್ಕೆ ಇಳಿಯಲಾರೆನೆಂದು ರಂಪ ಮಾಡಿತು. ಅಂದಿನಿಂದ ಬಣ್ಣದಮ್ಮನದು ಒಂದೇ ಹಟ: ವಸ್ತು ಗೋಡೆಯ ಎದುರಿಗೇ ಇರಬೇಕು, ಇದ್ದಷ್ಟೇ ಬರೆಯಬೇಕು.

“ಇರುವೆ ಸುತ್ತ ಪೆನ್ಸಿಲ್ ಆಡ್ಸೋಕಾಗುತ್ತಾ? ಸಕ್ಕರೆ ಇಟ್ಟು ಕಾದೆ. ವ್ಯಾನು ಗೋಡೇಲಿ ಹಿಡಿಸಲಿಲ್ಲ, ಬಾಗಿಲು ಮಾತ್ರ ಬರೆದೆ. ‘ರ್‍ಯಾನ್’ ಅಂದ್ರೆ ಓಡಿದ. ಓಡಿ ಹೋದೋನು ಎಲ್ಲಿ ಸಿಗ್ತಾನೆ? ಗೋಡೆ ಮೂಲೇಲಿ ಬರೀ ಹಿಮ್ಮಡಿ ಬರೆದುಬಿಟ್ಟೆ!”

ಆ ಹಳೆಯ ಗೋಡೆ ಎದುರು ಕೋಣೆಯದು. ತೇವ ಕುಡಿದು ಗಾರೆ ಉಬ್ಬಿದೆ. ಇವತ್ತು ಗಾರೆಯವನು ಬಂದು ಅದನ್ನು ಕೆತ್ತಿ ಹಾಕುತ್ತಾನೆ. ಅದರಲ್ಲಿ ‘ಮ್ಯಾನ್’ ಎಂಬ ಮಾತಿನ ಮೇಲ್ಗಡೆ ಆಳೆತ್ತರ ನಿಂತಿರುವವರು ಬಣ್ಣದಮ್ಮನ ಯಜಮಾನರು, ಇದೇ ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ಶಾಲೆ ತೆರೆದ ಮರುವರ್ಷ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಹೆಂಡತಿ ಸುತ್ತ ಗೆರೆ ಎಳೆದಿದ್ದರು. ಹೊಸದಾಗಿ ಸೇರಿದ ಪ್ರತಿ ಮಗುವೂ ಆ ಚಿತ್ರದ ಪಕ್ಕ ನಿಂತು ಅಳೆದುಕೊಳ್ಳುತ್ತದೆ. ಮಂಡಿಯ ಹತ್ತಿರ ಬಂದವರು ಜೇಬಿನ ಹತ್ತಿರ ಬೆಳೆದು ದೊಡ್ಡ ಶಾಲೆಗೆ ಹೋಗುತ್ತಾರೆ. ಯಜಮಾನರು ತೀರಿಕೊಂಡ ಮೇಲೂ ಬಣ್ಣದಮ್ಮ ರಜೆಯಲ್ಲಿ ಬಂದು ಅವರ ಅಂಗಿಗೆ ಬಣ್ಣ ಹಚ್ಚುವುದು ತಪ್ಪಿಲ್ಲ.

“ವರ್ಷಕ್ಕೊಂದು ಅಂಗಿ. ಬದುಕಿದ್ದಾಗ್ಲೂ ಅಷ್ಟೇ ಸಿಗ್ತಿದ್ದಿದ್ದು,” ಎಂದು ನಗುತ್ತಾರೆ.

ಮಗಳು ನಗುವುದಿಲ್ಲ. “ಅಮ್ಮಾ, ಪೇಪರ್ ಅಂಟಿಸಿ ಅಪ್ಪನ ಗೆರೆ ಇಳಿಸ್ಕೊಳ್ಳೋಣ. ಇಲ್ಲಿ ಹಾಗೇ ಬರಿ. ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತಲ್ಲೇ. ನಿಂತೋರನ್ನ ಬರೀಬೇಕು. ನಕಲಿಂದ ನಕಲು ತೆಗೆದ್ರೆ ನಿಮ್ಮಪ್ಪನ ಮೂಗು ಎಲ್ಲಿಗೆ ಹೋಗುತ್ತೋ!”

ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ ಅದು. ಬಣ್ಣದಮ್ಮ ಮಗಳ ಕೈ ಹಿಡಿದು ಎದ್ದು ಎದುರು ಕೋಣೆಗೆ ಹೋಗುತ್ತಾರೆ. ಚಿತ್ರದ ಭುಜದ ಮೇಲೆ ಅಂಗೈ ಊರುತ್ತಾರೆ. ಗಾರೆಯ ಹಕ್ಕಳೆಯೊಂದು ಕಳಚಿ ಅಂಗೈಯಲ್ಲಿ ಉಳಿಯುತ್ತದೆ, ಹೋದ ವರ್ಷದ ನೀಲಿ. ಪೇಪರ್ ಸುರುಳಿ ಹಿಡಿದ ಮಗಳು ಬಾಗಿಲಲ್ಲೇ ಕಾಯುತ್ತಾಳೆ. ಬಣ್ಣದಮ್ಮ ಕೈ ಕೊಡವಿಕೊಂಡು ಹೊರಗೆ ಬಂದು, ಅಂಗಳದಲ್ಲಿ ಬಣ್ಣ ಕಲಸುತ್ತಿದ್ದ ಅಳಿಯನನ್ನು ಕರೆಯುತ್ತಾರೆ.

“ಬನ್ನಿ ಅಳಿಯಂದ್ರೇ, ಚಪ್ಪಲಿ ಬಿಟ್ಟು ಹೊಸ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ.”

ಅಳಿಯ ಮಾವನಿಗಿಂತ ಗೇಣುದ್ದ ಹೆಚ್ಚು. “ಅತ್ತೆ, ಮೂಗು ಕೆರೀತಿದೆ.”

“ಕೆರೀಲಿ ಬಿಡಿ. ನಿಮ್ಮ ಮಾವ ನಿಂತ ನಿಂತಲ್ಲೇ ಗೊರಕೆ ಹೊಡೆದಿದ್ರು, ಅಲ್ಲಾಡಲಿಲ್ಲ.”

ಪೆನ್ಸಿಲ್ ಹಿಮ್ಮಡಿಯಿಂದ ಮೇಲೆ ಹತ್ತುತ್ತದೆ. ಎದುರು ಕೋಣೆಯಿಂದ ಮೊದಲ ಸುತ್ತಿಗೆಯ ಪೆಟ್ಟು ಕೇಳುತ್ತದೆ. ಮಗಳು ಅಮ್ಮನ ಮುಖ ನೋಡುತ್ತಾಳೆ. ಬಣ್ಣದಮ್ಮನ ಕೈ ಅಳಿಯನ ಸೊಂಟದ ಬಳಿ ಒಂದು ಗಳಿಗೆ ನಿಂತು, ಮತ್ತೆ ಮುಂದುವರಿಯುತ್ತದೆ.

“ಅಷ್ಟು ವರ್ಷದಿಂದ ನಿಂತೇ ಇದ್ರು, ಪಾಪ,” ಎನ್ನುತ್ತಾರೆ. “ಇನ್ನಾದ್ರೂ ಕೂತ್ಕೊಳ್ಳಲಿ.”