ಭಾವನ ಪಾಲಿನ ರಬ್ಬರ್ ತುಂಡು

ಕಾರು ಕಂಪನಿಯವರು ಕೋರ್ಟಿಗೆ ಬರೆದುಕೊಟ್ಟ ಆ ಒಂದು ಸಾಲನ್ನು ಗ್ಯಾರೇಜಿನ ಮೇಸ್ತ್ರಿ ಇವತ್ತಿಗೂ ಮರೆತಿಲ್ಲ: ‘ಗ್ಯಾರೇಜಿನವನ ಅರೆಬರೆ ಕೆಲಸದಿಂದ ಬೆಂಕಿ ಹೊತ್ತಿರಬಹುದು.’ ನೆನಪಾದಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಅಪ್ಪಳಿಸುತ್ತದೆ.

ಆ ಮಾದರಿಯ ಕಾರಿನ ಕಾಯಿಲೆ ಅವನಿಗೆ ಮೊದಲೇ ಗೊತ್ತಿತ್ತು. ಪೆಟ್ರೋಲ್ ಟ್ಯಾಂಕಿಗೆ ನಾಲ್ಕೇ ಬೆರಳು ದೂರದಲ್ಲಿ ಒಂದು ಬೋಲ್ಟು ಮೂತಿ ಚಾಚಿಕೊಂಡಿತ್ತು. ಹಿಂದಿನಿಂದ ಯಾರಾದರೂ ಗುದ್ದಿದರೆ ಟ್ಯಾಂಕು ತೂತು. ಕಂಪನಿಗೆ ಎರಡು ಸಲ ಕಾಗದ ಬರೆಸಿದ, ಉತ್ತರವಿಲ್ಲ. ಆಮೇಲೆ ಅಂಥ ಕಾರು ಬ್ರೇಕಿಗೆ ಬರಲಿ, ಹಾರನ್ನಿಗೆ ಬರಲಿ, ಹಳೆ ಟಯರಿನಿಂದ ಅಂಗೈಯಗಲ ರಬ್ಬರ್ ಕತ್ತರಿಸಿ, ಬೋಲ್ಟಿನ ಮೂತಿಗೆ ತಂತಿಯಿಂದ ಬಿಗಿದೇ ಕಳಿಸುತ್ತಿದ್ದ.

ಅಕ್ಕನ ಗಂಡ ಅದೇ ಮಾದರಿಯ ಹೊಸ ಕಾರು ಕೊಂಡು ತೋರಿಸಲು ಬಂದ.

“ಭಾವ, ಹತ್ತು ನಿಮಿಷ ಬಿಟ್ಟಿರಿ. ಒಂದು ರಬ್ಬರ್ ಕಟ್ಟಿಬಿಡ್ತೀನಿ.”

“ಹೊಸ ಕಾರಿಗೆ ಟಯರ್ ಚೂರಾ? ಮದುಮಗಳಿಗೆ ಗೋಣಿಚೀಲ ಉಡಿಸಿದ ಹಾಗೆ! ಆರನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದೋನು, ಇಂಜಿನಿಯರುಗಳಿಗೆ ಪಾಠ ಹೇಳ್ತೀಯಲ್ಲೋ!”

ತಮಾಷೆಗೇ ಅಂದದ್ದು. ಆದರೆ ಸುತ್ತ ನಿಂತ ಗಿರಾಕಿಗಳು ನಕ್ಕುಬಿಟ್ಟರು. ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು.

“ಹಾಗಾದ್ರೆ ಅವರ ಹತ್ರಾನೇ ಹೋಗಿ. ನಾನಂತೂ ಮುಟ್ಟಲ್ಲ!”

ಸಂಜೆ ಅಕ್ಕ ಫೋನು ಮಾಡಿದಳು. “ಕಾರು ನೋಡಿದ್ಯೇನೋ ತಮ್ಮಾ?”

“ನೋಡಿದೆ.”

“ಸದ್ಯ. ನೀನು ನೋಡಿದ ಮೇಲೆ ನನಗೆ ಭಯವಿಲ್ಲ ಬಿಡು.”

ಅಷ್ಟು ಹೊತ್ತಿಗಾಗಲೇ ಅವನು ಭಾವನಿಗೆಂದು ರಬ್ಬರ್ ಕತ್ತರಿಸಿ ಇಟ್ಟಿದ್ದ. ಅಕ್ಕನ ಮನೆಗೆ ಹೋಗಿ ಕಟ್ಟಿಬರಬಹುದಿತ್ತು. ‘ಅವನೇ ಬಂದು ಕೇಳಲಿ’ ಎಂದು ಕೂತ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು.

ಸಿಗ್ನಲಿನಲ್ಲಿ ನಿಂತಿದ್ದ ಭಾವನ ಕಾರಿಗೆ ಹಿಂದಿನಿಂದ ಒಂದು ವ್ಯಾನು ತಾಗಿತು. ಮೂಳೆ ಮುರಿಯುವಂಥ ಗುದ್ದೇನೂ ಅಲ್ಲ. ಆದರೆ ಟ್ಯಾಂಕು ತೂತಾಗಿ ಬೆಂಕಿ ಹೊತ್ತಿತು. ಸುತ್ತಲಿನವರು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಕ್ಕ ಕಂಪನಿಯ ಮೇಲೆ ಕೇಸು ಹಾಕಿದಳು. ಕಂಪನಿಯ ವಕೀಲ ಮೇಸ್ತ್ರಿಯನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ: “ಟ್ಯಾಂಕಿನ ಹತ್ತಿರ ಏನೇನೋ ಕಟ್ಟೋದು ನಿಮ್ಮ ಅಭ್ಯಾಸ ಅಲ್ವೇ? ಇದಕ್ಕೂ ಕಟ್ಟಿದ್ರಿ ತಾನೇ?”

“ಸುಳ್ಳು!” ಮೇಸ್ತ್ರಿ ಕಟಕಟೆ ಗುದ್ದಿದ. “ಆ ಕಾರಿಗೆ ನಾನು ಕೈ ಸಹ ಹಚ್ಚಿಲ್ಲ! ಕಟ್ಟಿದ್ದಿದ್ರೆ ಭಾವ ಬದುಕಿರ್ತಿದ್ರು!”

ಗ್ಯಾರೇಜಿನವನು ಮುಟ್ಟೇ ಇಲ್ಲ ಎಂದಮೇಲೆ ತಪ್ಪು ಕಂಪನಿಯದೇ ಆಯಿತು; ಕೇಸು ಗೆದ್ದದ್ದು ಆ ಮಾತಿನಿಂದಲೇ. ಆದರೆ ಮುಂದಿನ ಬೆಂಚಿನಲ್ಲಿದ್ದ ಅಕ್ಕ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಒಂದೇ ಮಾತು ಕೇಳಿದಳು. “ನೋಡಿದೆ ಅಂದಿದ್ಯಲ್ಲೋ?”

ಮೇಸ್ತ್ರಿ ಮೆಟ್ಟಿಲಿಳಿದು ನೇರ ಗ್ಯಾರೇಜಿಗೆ ನಡೆದ.

ಅಂದು ಕತ್ತರಿಸಿಟ್ಟ ರಬ್ಬರ್ ತುಂಡು ಇನ್ನೂ ಗ್ಯಾರೇಜಿನ ಮೊಳೆಗೆ ನೇತಾಡುತ್ತಿದೆ. ಎಷ್ಟೋ ಕಾರು ಬಂದರೂ ಅದನ್ನು ಯಾವುದಕ್ಕೂ ಕಟ್ಟಿಲ್ಲ, ಹೊಸದನ್ನೇ ಕತ್ತರಿಸುತ್ತಾನೆ. ಅದು ಭಾವನಿಗೆ ಸಲ್ಲಬೇಕಾದದ್ದು. ಅಕ್ಕನಿಗೆ ಸಲ್ಲಬೇಕಾದ ಉತ್ತರವೂ ಹಾಗೇ ಉಳಿದಿದೆ.