ಹದಿನಾಲ್ಕು ಸಂಜೆಗಳ ಜ್ವರ

ಮಂಗಳವಾರ, ೧೪ ಅಕ್ಟೋಬರ್ ೧೯೫೮. ಸಂಜೆ ಐದೂ ಇಪ್ಪತ್ತಕ್ಕೆ ಪತ್ರಿಕೆಗೆ ಬರೆಯಲು ಕೂತಿದ್ದೇನೆ. ಮುಲುಂಡಿನ ನಮ್ಮ ಮನೆಗೆ ಅಪ್ಪ ಆಫೀಸಿನಿಂದ ಬರುವುದು ಏಳಕ್ಕೆ. ಅಷ್ಟರೊಳಗೆ ಮುಗಿಸಬೇಕು.

ಇದು ನನ್ನ ಗೆಳತಿಯ ವಿಷಯ. ಎರಡು ವರ್ಷ ಏಳು ತಿಂಗಳ ಹಿಂದೆ ಅವಳು ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದಳು. ಈಗ ಎಲ್ಲಿದ್ದಾಳೆ, ಬದುಕಿದ್ದಾಳೆಯೇ ಎನ್ನುವುದೂ ನನಗೆ ಗೊತ್ತಿಲ್ಲ. ಅವಳು ಹೋಗುವುದಕ್ಕೆ ನಾನು ಕಾರಣ, ಆದ್ದರಿಂದ ಬರೆಯುತ್ತಿದ್ದೇನೆ. ಅವಳ ಹೆಸರನ್ನಾಗಲಿ ಆಸ್ಪತ್ರೆಗಳ ಹೆಸರನ್ನಾಗಲಿ ಹೇಳುವುದಿಲ್ಲ.

ಆಗ ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಅವಳು ಪಾಸಾಗಿ ಅದೇ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಳು. ಹಾಸ್ಟೆಲಿನಲ್ಲಿ ಜಾಗ ಸಾಲದೆ ಇಬ್ಬರಿಗೂ ಒಂದೇ ಕೋಣೆ. ಅವಳದು ಉಡುಪಿ ಕಡೆ. ಅಣ್ಣ ಬೊರಿವಲಿಯ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂತು ಹಣ ಎಣಿಸಿಕೊಳ್ಳುತ್ತಿದ್ದರು. ನನಗಿಂತ ಮೂರು ವರ್ಷ ದೊಡ್ಡವಳಾದರೂ ಏಕವಚನದಲ್ಲೇ ಕರೆಯಬೇಕೆಂದು ಮೊದಲ ದಿನವೇ ಹೇಳಿದ್ದಳು.

ನಾನು ಡೈರಿ ಬರೆಯುತ್ತೇನೆ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಹಾಸಿಗೆ ಹಾಸಿದೆ, ಎಷ್ಟು ಇಂಜೆಕ್ಷನ್ ಕೊಟ್ಟೆ, ಯಾವ ಲೋಕಲ್ ರೈಲು ಎಷ್ಟು ನಿಮಿಷ ತಡ, ಎಲ್ಲವೂ ಅದರಲ್ಲಿದೆ. ಅವಳು ನಗುತ್ತಿದ್ದಳು. "ನಿನಗೆ ಮದುವೆ ಆದ್ರೆ ಗಂಡನ ಗೊರಕೆಯನ್ನೂ ಎಣಿಸಿ ಬರೀತಿ ನೀನು."

"ಬರೀತೀನಿ. ನಿನ್ನ ಗೊರಕೆ ಈಗಾಗ್ಲೇ ಬರೆದಿದೀನಿ."

"ತೆಗಿ ಆ ಪುಟ! ಹರಿದು ಹಾಕ್ತೇನೆ!" ಎಂದು ಡೈರಿಗೆ ಕೈ ಹಾಕಿದ್ದಳು.

೧೯೫೬ರ ಜನವರಿ ಕೊನೆಗೆ ಅವಳಿಗೆ ಇಂಗ್ಲೆಂಡಿನ ಆಸ್ಪತ್ರೆಯಿಂದ ಕಾಗದ ಬಂತು. ಮಾರ್ಚ್ ತಿಂಗಳ ಹಡಗಿನಲ್ಲಿ ಜಾಗವೂ ಸಿಕ್ಕಿತು. ಅವಳಿಗೆ ನರ್ಸುಗಳಿಗೆ ಪಾಠ ಹೇಳುವ ಕೆಲಸ ಬೇಕಿತ್ತು. ವಿಲಾಯಿತಿಗೆ ಹೋಗಿ ಬಂದವರಿಗೇ ಆ ಕೆಲಸ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಡಾಕ್ಟರ ಆರೋಗ್ಯ ಸರ್ಟಿಫಿಕೇಟು ಮಾತ್ರ.

ಸ್ಟಾಫಿನ ಆರೋಗ್ಯ ನೋಡುತ್ತಿದ್ದ ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎರಡು ಸಲ ಕೆಮ್ಮಿಸಿ ಕೇಳಿದರಂತೆ. ಒಂದು ತಿಂಗಳಿನಿಂದ ಅವಳಿಗೆ ಒಣ ಕೆಮ್ಮು. ಹಿಂದಿನ ಆಗಸ್ಟಿನಲ್ಲಿ ತೆಗೆದ ಎಕ್ಸ್-ರೇ ಸರಿಯಾಗಿತ್ತು. "ಹದಿನಾಲ್ಕು ದಿನ ಸಂಜೆ ನಾಲ್ಕಕ್ಕೆ ಜ್ವರ ನೋಡಿ ಬರೆದು ತಾ. ಕ್ಷಯವಾದರೆ ಸಂಜೆ ಏರುತ್ತದೆ. ೯೯ ದಾಟದಿದ್ದರೆ ಸಹಿ ಹಾಕುತ್ತೇನೆ. ಏರಿದರೆ ಹೊಸ ಎಕ್ಸ್-ರೇ, ಮೂರು ತಿಂಗಳು ಕಾಯಬೇಕು" ಎಂದರು. ಮೂರು ತಿಂಗಳು ಎಂದರೆ ಹಡಗೂ ಹೋಯಿತು, ಕೆಲಸವೂ ಹೋಯಿತು. ಯಾರ ಕೈಲಿ ಬರೆಸುತ್ತೀ ಎಂದು ಅವರೇ ಕೇಳಿ, ಇವಳು ನನ್ನ ಹೆಸರು ಹೇಳಿದಾಗ, "ಆ ಹುಡುಗಿ ಬರೆದರೆ ನನಗೆ ಸಾಕು" ಎಂದರಂತೆ. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತು ಎಂದು ಡೈರಿಯಲ್ಲೂ ಇದೆ.

ಫೆಬ್ರವರಿ ೬, ಸೋಮವಾರ ಶುರು ಮಾಡಿದೆವು. ಮೊದಲ ದಿನ ೯೯.೨. ಎರಡನೆಯ ದಿನ ೯೯.೪. ಮೂರನೆಯ ದಿನ ೯೯.೬.

"ಈಗಷ್ಟೇ ಚಹಾ ಕುಡಿದದ್ದು ಮಾರಾಯ್ತಿ" ಎಂದಳು.

ಬಿಸಿಯೋ ತಣ್ಣಗೋ ಏನಾದರೂ ಬಾಯಿಗೆ ಹಾಕಿಕೊಂಡರೆ ಹದಿನೈದು ನಿಮಿಷ ಕಾದು ಥರ್ಮಾಮೀಟರ್ ಇಡಬೇಕೆಂಬುದು ಮೊದಲ ವರ್ಷದ ಪಾಠ. ಕಾದೆವು. ಮತ್ತೆ ಇಟ್ಟೆ. ೯೯.೬ ಇದ್ದಲ್ಲೇ ಇತ್ತು. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಳು.

ನಾಲ್ಕನೆಯ ದಿನ ೯೮. ಐದನೆಯ ದಿನ ೯೭.೨. ಥರ್ಮಾಮೀಟರ್ ಇಡುವಾಗ ಬೆರಳಿಗೆ ಅವಳ ತುಟಿ ತಗಲಿತು. ತಣ್ಣಗೆ ಕೊರೆಯುತ್ತಿತ್ತು. ವಾರ್ಡಿನಲ್ಲಿ ಜ್ವರದವರ ತಲೆಗೆ ಇಡುವ ಐಸ್ ಬ್ಯಾಗಿಗೆಂದು ಗೋಣಿಯಲ್ಲಿ ಸುತ್ತಿದ ಬರ್ಫಿನ ಗಡ್ಡೆ ಬರುತ್ತಿತ್ತು. ಅವಳು ಅಲ್ಲಿಂದಲೇ ಬಂದಿದ್ದಳು.

"ಬಾಯಲ್ಲಿ ಏನಿತ್ತು?"

"ಎಂತದೂ ಇಲ್ಲ."

"ಹದಿನೈದು ನಿಮಿಷ ಕಾಯೋಣ."

"ನನಗೆ ಡ್ಯೂಟಿ ಉಂಟು. ನೀನು ಕಂಡದ್ದನ್ನು ಬರಿ. ಸುಳ್ಳು ಬರಿ ಅಂತ ನಾನು ಹೇಳಿದೆನಾ?"

ಹೇಳಿರಲಿಲ್ಲ. ಥರ್ಮಾಮೀಟರಿನಲ್ಲಿ ೯೭.೨ ಇತ್ತು, ನಾನು ೯೭.೨ ಬರೆದೆ. ಉಳಿದ ಒಂಬತ್ತು ದಿನವೂ ಹಾಗೇ. ಒಂದು ದಿನವೂ ಅಂಕಿ ತಿದ್ದಲಿಲ್ಲ. ಒಂದು ದಿನವೂ ಕಾಯಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಬೇಗ ಬೇಗ ನಡೆದು ಬರುವುದನ್ನು ವರಾಂಡದಲ್ಲಿ ಕಂಡರೆ ನಾನೇ ಥರ್ಮಾಮೀಟರ್ ಒದರಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದೆ. ಕೊನೆಯ ನಾಲ್ಕೈದು ದಿನ ನಾವು ಆ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಡಾಕ್ಟರು ನನ್ನ ಹಾಳೆ ನೋಡಿದರು. ಮೊದಲ ಮೂರು ದಿನ ಯಾಕೆ ಹೀಗೆ ಎಂದು ಕೇಳಿದರು. "ಆಗ ಶೀತ ಆಗಿತ್ತು ಸಾರ್" ಎಂದಳು. ಅವರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಸಹಿ ಹಾಕಿ, ನನ್ನ ಹಾಳೆಯನ್ನೂ ಸರ್ಟಿಫಿಕೇಟಿಗೆ ಲಗತ್ತಿಸಿದರು. ಅಲ್ಲಿಗೆ ಹೋದ ಕೂಡಲೇ ಎಕ್ಸ್-ರೇ ತೆಗೆದೇ ತೆಗೆಯುತ್ತಾರೆ, ಏನಾದರೂ ಇದ್ದರೆ ಅವರೇ ನೋಡಿಕೊಳ್ಳುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮಾರ್ಚ್ ೧೬, ಶುಕ್ರವಾರ, ಬಲ್ಲಾರ್ಡ್ ಪಿಯರ್ ಬಂದರಿನಲ್ಲಿ ಅವಳನ್ನು ಹಡಗು ಹತ್ತಿಸಿದೆವು. ಅವಳ ಅಣ್ಣ ನನಗೆ ಕೈ ಮುಗಿದರು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ತಂಗಿ. ಆ ಡಾಕ್ಟರು ಇವಳನ್ನು ಬಿಡ್ತಿರಲಿಲ್ಲ ಅಂತೆ." ಆಮೇಲೆ ಅವಳಿಗೆ, "ಚಳಿ ಅಂತ ಮೂರು ಹೊತ್ತೂ ಮಲಗಬೇಡ. ಬೊರಿವಲಿ ಹೆಸರು ಹಾಳು ಮಾಡಬೇಡ" ಎಂದರು. "ಬೊರಿವಲಿಗೆ ಹೆಸರು ಬೇರೆ ಉಂಟಾ ಅಣ್ಣ?" ಎಂದು ನಕ್ಕಳು. ನಗುವಾಗ ಕೆಮ್ಮು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದಳು. ನಾನು ಹಡಗಿನ ಕಡೆ ನೋಡಿದೆ.

ಅವಳಿಂದ ಒಂಬತ್ತು ಕಾಗದ ಬಂದವು. ಏಪ್ರಿಲ್‌ನ ಮೊದಲ ಕಾಗದದಲ್ಲಿ ಅವಳನ್ನು ಮಕ್ಕಳ ವಾರ್ಡಿಗೆ ಹಾಕಿದ ಸುದ್ದಿ ಇತ್ತು. ಹದಿನೆಂಟು ಹಾಸಿಗೆ. ಹೆಸರು ಹೇಳಲು ಬಾರದೆ ಮಕ್ಕಳು ಅವಳಿಗೆ ಬೇರೆ ಹೆಸರು ಇಟ್ಟಿದ್ದಾರೆ, ಊಟ ಮಾಡಿಸುವಾಗ ಜಗಳವಾಡಿ ಅವಳ ತೊಡೆಯ ಮೇಲೇ ಕೂರುತ್ತಾರೆ. ಎಕ್ಸ್-ರೇ ಆಯಿತೇ ಎಂದು ನಾನು ಕೇಳಿ ಬರೆದೆ. ಅಲ್ಲಿಯ ಡಾಕ್ಟರು ಆಗಸ್ಟಿನ ಎಕ್ಸ್-ರೇ ಪ್ಲೇಟನ್ನೂ ಸರ್ಟಿಫಿಕೇಟನ್ನೂ ನೋಡಿ, ಮುಂದಿನ ಸರದಿಯಲ್ಲಿ ತೆಗೆದರಾಯಿತು ಎಂದರಂತೆ.

ಆ ಸರದಿ ಬಂದದ್ದು ಸೆಪ್ಟೆಂಬರಿನಲ್ಲಿ. ಏಳನೆಯ ಕಾಗದ ಹೀಗಿತ್ತು: "ಎಡಗಡೆ ಶ್ವಾಸಕೋಶದಲ್ಲಿ ಕಲೆ ಉಂಟಂತೆ. ನನ್ನನ್ನು ಕ್ಷಯದ ಆಸ್ಪತ್ರೆಗೆ ಕಳಿಸಿದ್ದಾರೆ. ಹೆದರಬೇಡ, ಒಳ್ಳೆ ಮದ್ದು ಉಂಟು. ನಿನ್ನ ಹದಿನಾಲ್ಕು ದಿನದ ಹಾಳೆ ಇವರ ಹತ್ತಿರ ಉಂಟಲ್ಲ, ಅದನ್ನು ನೋಡಿ ರೋಗ ಇಲ್ಲಿಯ ಕೆಲಸದಲ್ಲಿ ಹಿಡಿದದ್ದು ಅಂತ ಬರ್ಕೊಂಡಿದ್ದಾರೆ. ಅದಕ್ಕೇ ಊರಿಗೆ ಅಟ್ಟದೆ ಇಟ್ಕೊಂಡಿದ್ದಾರೆ. ನೀನು ಯಾರಿಗೂ ಎಂತದೂ ಬರೀಬೇಡ. ನನ್ನ ಮೇಲಾಣೆ."

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೆಂಟು ಹಾಸಿಗೆಗಳಲ್ಲಿ ಎಷ್ಟು ಮಕ್ಕಳು ಬಂದು ಹೋದರು ಎಂದು ಲೆಕ್ಕ ಹಾಕಲು ಕೂತೆ. ಒಂದು ಮಗು ಸರಾಸರಿ ಎಷ್ಟು ದಿನ ಇರುತ್ತದೆ ಎಂಬಲ್ಲಿಯವರೆಗೆ ಬಂದು ಪೆನ್ನು ಕೆಳಗಿಟ್ಟೆ. ಡೈರಿಯಲ್ಲಿ ಆ ಪುಟ ಅರ್ಧಕ್ಕೇ ನಿಂತಿದೆ.

ಅವಳ ಆಣೆಗೆ ಕಟ್ಟುಬಿದ್ದು ಯಾರಿಗೂ ಬರೆಯಲಿಲ್ಲ. ಕೊನೆಯ ಕಾಗದ ೧೯೫೭ರ ಫೆಬ್ರವರಿಯದು, ಎರಡೇ ಸಾಲು: ಆಪರೇಷನ್ ಮಾಡುವ ಮಾತಿದೆ, ಮತ್ತೆ ಬರೆಯುತ್ತೇನೆ. ಆಮೇಲೆ ನಾನು ಬರೆದ ನಾಲ್ಕು ಕಾಗದಗಳಲ್ಲಿ ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದು ಇಲ್ಲಿಂದ ಹೋಗಿದ್ದಾರೆ, ವಿಳಾಸ ತಿಳಿಯದು ಎಂಬ ಷರಾದೊಂದಿಗೆ ವಾಪಸು ಬಂತು. ಬೊರಿವಲಿಗೆ ಹೋದೆ. ಹೋಟೆಲು ಕೈ ಬದಲಾಗಿತ್ತು. ಗಲ್ಲೆಯಲ್ಲಿದ್ದ ಹೊಸಬರು, "ಅವರು ಬಿಟ್ಟು ಎಂಟು ತಿಂಗಳಾಯ್ತು. ಪುಣೆ ಅಂದ್ರು, ಯಾರೋ ನೈರೋಬಿ ಅಂದ್ರು. ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದರು. ಕೂರಲಿಲ್ಲ.

ಈ ತಿಂಗಳು ೬ರಂದು ನನಗೂ ಇಂಗ್ಲೆಂಡಿನಿಂದ ಕೆಲಸದ ಕಾಗದ ಬಂದಿದೆ. ಅಮ್ಮ ಬಿಲ್ಡಿಂಗಿನಲ್ಲೆಲ್ಲ ಸಕ್ಕರೆ ಹಂಚಿದ್ದಾಳೆ. ಎಕ್ಸ್-ರೇ ತೆಗೆಸಿಕೊಂಡೆ, ನನ್ನ ಎದೆಯಲ್ಲಿ ಏನೂ ಇಲ್ಲ. ಅದೇ ಡಾಕ್ಟರು, "ಜ್ವರದ ಹಾಳೆ ಬೇಕಿಲ್ಲ, ನಿನ್ನ ಮಾತೇ ಸಾಕು" ಎಂದರು. ಅವರಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಆಸ್ಪತ್ರೆಗೆ ನೀನು ಬರೆಯುತ್ತೀಯೋ, ನಾನು ಬರೆಯಲೋ?" ಎಂದು ಮಾತ್ರ ಕೇಳಿದರು. ನಾನು ಬರೆಯುತ್ತೇನೆ ಎಂದೆ.

ಕಾಗದ ಸಿದ್ಧವಾಗಿದೆ. ಹದಿನಾಲ್ಕು ಅಂಕಿಗಳನ್ನೂ ನಕಲು ಮಾಡಿ, ಕೊನೆಯ ಹನ್ನೊಂದರ ಎದುರು ಬಾಯಲ್ಲಿ ಬರ್ಫ್ ಇತ್ತು ಎಂದು ಬರೆದಿದ್ದೇನೆ. ಮಕ್ಕಳನ್ನು ಪರೀಕ್ಷೆ ಮಾಡಬೇಕಾದರೆ ಅವರಿಗೆ ಇದು ತಿಳಿಯಬೇಕು. ಆದರೆ ಅವಳು ಇನ್ನೂ ಅವರ ಆರೈಕೆಯಲ್ಲೇ ಇದ್ದರೆ ಈ ಕಾಗದದಿಂದ ಅವಳಿಗೆ ಆಗುವುದೇನು ಎಂದು ನನಗೆ ತಿಳಿಯದು. ಅದಕ್ಕೆ ಮೊದಲು ಅವಳಿಗೆ ಹೇಳಬೇಕು. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಅದಕ್ಕಿಂತ ಹೆಚ್ಚು ಕಾಯಲಾರೆ.

ಉಡುಪಿ ಕಡೆಯ, ಈಗ ಇಪ್ಪತ್ತೇಳರ ಸುಮಾರಿನ, ಎತ್ತರದ ಹೆಂಗಸು. ಎಡಗೈ ಮಣಿಕಟ್ಟಿನ ಮೇಲೆ ಬಿಸಿನೀರು ಬಿದ್ದ ಗುರುತಿದೆ. ೧೯೫೬ರ ಮಾರ್ಚಿನಲ್ಲಿ ಹಡಗು ಹತ್ತಿದವಳು. ಅವಳನ್ನು ಇಂಗ್ಲೆಂಡಿನಲ್ಲಿ ಕಂಡವರು, ಅವಳ ಜೊತೆ ಆಸ್ಪತ್ರೆಯಲ್ಲಿ ಮಲಗಿದ್ದವರು, ಬೊರಿವಲಿಯ ಹೋಟೆಲಿನಲ್ಲಿದ್ದ ಅವಳ ಅಣ್ಣನನ್ನು ಬಲ್ಲವರು ಈ ಪತ್ರಿಕೆಯ ಮೂಲಕ ನನಗೆ ಬರೆಯಬೇಕು. ಸುದ್ದಿ ಕೆಟ್ಟದ್ದಾದರೂ ದಿನಾಂಕ ಸಮೇತ ಬರೆಯಿರಿ.